ಬಲಗಡೆಯ ಬಾಗಿಲು

ನಾನು ಎಕ್ಸ್‌ರೇ ತೆಗೆಯುವವಳು. ಕಾಗವಾಡದ ಒಂದು ಸಣ್ಣ ಖಾಸಗಿ ದವಾಖಾನೆಯಲ್ಲಿ ಹದಿನೆಂಟು ವರ್ಷಗಳಿಂದ ಇದೇ ಕೆಲಸ. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರ ಮುಖ ಎಷ್ಟೋ ಸಲ ಗುರುತು ಸಿಗುವುದಿಲ್ಲ. ಅವರು ಕೈ ಎತ್ತಿ ಕಂಬಿ ಹಿಡಿದ ಕೂಡಲೇ, ಇದು ಆ ಮೊಳಕೈ ಅಲ್ಲವೇ ಅಂತ ನೆನಪಾಗುತ್ತದೆ. ಕಬ್ಬಿನ ಹಂಗಾಮು ಶುರುವಾದರೆ ನಮಗೆ ಕೆಲಸ ಹೆಚ್ಚು. ರಸ್ತೆಯ ತುಂಬ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು, ಅವುಗಳ ಸಂದಿಯಲ್ಲಿ ನುಗ್ಗುವ ಮೋಟರ್‌ಸೈಕಲ್ಲುಗಳು.

ಈ ಕೆಲಸಕ್ಕೆ ಸೇರಿದಾಗಿನಿಂದ ನನಗೊಂದು ಸಂಗತಿ ಬಗೆಹರಿದಿರಲಿಲ್ಲ. ಜೋರಾಗಿ ಬಿದ್ದವರು ಹೆಚ್ಚು ಮುರಿದುಕೊಂಡು ಬರಬೇಕು, ಮೆಲ್ಲಗೆ ಬಿದ್ದವರು ಕಡಿಮೆ. ಹಾಗಾಗುವುದಿಲ್ಲ. ಕಾಲೇಜಿಗೆ ಹೋಗುವವನೊಬ್ಬ ಬೈಕ್ ಸಮೇತ ಕಾಲುವೆಗೆ ಹಾರಿ, ತುಟಿಯೊಂದನ್ನು ಒಡೆದುಕೊಂಡು, ತಾನೇ ನಡೆದು ಬಂದಿದ್ದ. ಅದೇ ವಾರ ವಯಸ್ಸಾದವರೊಬ್ಬರು ನಿಲ್ಲಿಸಿದ ಸ್ಕೂಟರಿನ ಮೇಲೆ ಕೂತಲ್ಲೇ ವಾಲಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಿದ್ದರು. ಡಾಕ್ಟರನ್ನು ಕೇಳಿದರೆ ‘ವಯಸ್ಸು’ ಅಂದು ಮುಂದಿನ ಪೇಶಂಟನ್ನು ಕರೆಯುತ್ತಿದ್ದರು. ಅದು ಉತ್ತರವೇ ಹೌದು, ಆದರೆ ನನಗೆ ಸಾಲುತ್ತಿರಲಿಲ್ಲ. ನಮ್ಮಪ್ಪನಿಗೆ ಅಪಘಾತವಾಗುವವರೆಗೆ ನಾನು ಅದನ್ನು ಮುಂದಕ್ಕೆ ಕೆದಕಿಯೂ ಇರಲಿಲ್ಲ.

ಅಪ್ಪ ಶೇಡಬಾಳದಲ್ಲಿ ನನ್ನ ಅಣ್ಣನ ಸಂಸಾರದ ಜೊತೆ ಇರುತ್ತಾನೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು, ಆಗ ಎಪ್ಪತ್ತನಾಲ್ಕು ವರ್ಷ. ಊರಿನಿಂದ ಕಾಗವಾಡದ ಕಡೆಗೆ ಸ್ವಲ್ಪ ದೂರ ಬಂದರೆ ರಸ್ತೆಯ ಒಳಬದಿಗೆ ನಮ್ಮ ದ್ರಾಕ್ಷಿ ತೋಟ. ದಿನಾ ಬೆಳಿಗ್ಗೆ ಏಳಕ್ಕೆ ತನ್ನ ಹಳೆಯ ಬಿಳಿ ಕಾರಿನಲ್ಲಿ ತೋಟಕ್ಕೆ ಹೋಗಿ, ಬಳ್ಳಿಗಳ ಕೆಳಗೆ ಬಗ್ಗಿ ಗೊನೆಗಳನ್ನೆಲ್ಲ ನೋಡಿ, ಒಂಬತ್ತೂವರೆಗೆ ಊಟಕ್ಕೆ ಮನೆಗೆ ಹೊರಡುತ್ತಿದ್ದ. ನಲವತ್ತರ ಮೇಲೆ ಎಂದೂ ಓಡಿಸಿದವನಲ್ಲ. ಬೆಲ್ಟ್ ಹಾಕದೆ ಕೀಲಿ ತಿರುವಿದವನಲ್ಲ. ಅಣ್ಣ ಜೋರು ಹೊಡೆದರೆ ಹಿಂದಿನ ಸೀಟಿನಿಂದ, "ವೇಗ ಎರಡು ಪಟ್ಟು ಆದ್ರ ಪೆಟ್ಟು ನಾಕು ಪಟ್ಟು, ನೆನಪಿರಲಿ" ಅನ್ನುತ್ತಿದ್ದ. ಅವನ ಕಾರಿಗೆ ಒಂದು ಗೀರು ಬಿದ್ದದ್ದನ್ನು ನಾನು ನೋಡಿರಲಿಲ್ಲ.

ಅದು ಜನವರಿಯ ಒಂದು ಬೆಳಿಗ್ಗೆ. ಹತ್ತು ಗಂಟೆಯ ಹೊತ್ತಿಗೆ ದವಾಖಾನೆಯ ಮುಂದೆ ಒಂದು ಟಂಟಂ ರಿಕ್ಷಾ ಬಂದು ನಿಂತಿತು. ಒಳಗೆ ಒಬ್ಬ ಹುಡುಗಿ ಮಲಗಿದ್ದಳು, ಕಾಲೇಜಿನ ಸಮವಸ್ತ್ರದಲ್ಲಿ, ಮುಖದ ತುಂಬ ರಕ್ತ. ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದವನು ನಮ್ಮಪ್ಪ. ಅವನ ಬಿಳಿ ಅಂಗಿಯೂ ಕೆಂಪಾಗಿತ್ತು.

"ಅಪ್ಪಾ, ಏನಾತು?" ಅಂದೆ.

"ಈ ತಂಗಿ ನನ್ನ ಗಾಡಿಗೆ ಬಂದ ಬಡದಾಳ. ಅಲ್ಲ, ನಾನ ಅಡ್ಡ ಬಂದೆ. ಅದು ಆಮ್ಯಾಲ ಹೇಳ್ತೀನಿ. ಮೊದಲ ಆಕಿನ್ನ ನೋಡ್ರಿ."

"ನಿನಗ?"

"ನನಗೇನೂ ಆಗಿಲ್ಲ. ಬೆಲ್ಟ್ ಇತ್ತು."

ಅಂಗಿಯ ಮೇಲಿನ ರಕ್ತ ಹುಡುಗಿಯದು. ಅವನು ತಾನೇ ಇಳಿದ, ಸ್ಟ್ರೆಚರಿನ ಒಂದು ತುದಿಗೆ ಕೈ ಹಾಕಲು ಕೂಡ ಬಂದ. ನಾನು ನಂಬಿದೆ.

ಹುಡುಗಿಗೆ ಹದಿನೇಳು. ಸೆಕೆಂಡ್ ಪಿಯುಸಿ, ವಿಜ್ಞಾನ. ಅವತ್ತು ಕಾಗವಾಡದ ಕಾಲೇಜಿನಲ್ಲಿ ಪ್ರ್ಯಾಕ್ಟಿಕಲ್ ಪರೀಕ್ಷೆ ಇತ್ತು. ಬಸ್ಸು ತಪ್ಪಿದ್ದರಿಂದ ಮನೆಯ ಸ್ಕೂಟರ್ ತೆಗೆದುಕೊಂಡು ಹೊರಟಿದ್ದಳು. ಎಕ್ಸ್‌ರೇ ಟೇಬಲ್ಲಿನ ಮೇಲೆ ಮಲಗಿಸಿದಾಗ ಅವಳು ಕೇಳಿದ ಮೊದಲ ಮಾತು, "ಅಕ್ಕಾರ, ಹನ್ನೊಂದಕ್ಕ ಪರೀಕ್ಷಾ ಐತ್ರಿ. ಅಷ್ಟರಾಗ ಬಿಡ್ತೀರೇನ್ರಿ?"

"ಇವತ್ತ ಪರೀಕ್ಷಾ ಬ್ಯಾಡವ್ವಾ. ಕೈ ಅಲುಗಾಡಿಸಬ್ಯಾಡ," ಅಂದೆ. ಎಡಗೈಯ ಮಣಿಕಟ್ಟು ಮುರಿದಿತ್ತು, ಬಲ ಹೆಗಲಿನ ಕಾಲರ್ ಎಲುಬೂ ಮುರಿದಿತ್ತು. ಹಣೆಯ ಮೇಲೆ ಆಳವಾದ ಗಾಯ. ಹೆಲ್ಮೆಟ್ ಹಾಕಿದ್ದಳು, ಆದರೆ ಗದ್ದದ ಕೆಳಗಿನ ಪಟ್ಟಿ ಹಾಕಿಕೊಂಡಿರಲಿಲ್ಲ. ಅವಳು ನೆಲಕ್ಕೆ ಬೀಳುವ ಮೊದಲೇ ಅದು ತಲೆಯಿಂದ ಹಾರಿ ಹೋಗಿತ್ತು.

ಫಿಲ್ಮ್ ಬರುವವರೆಗೆ ಅವಳನ್ನು ಮಾತಿಗೆ ಹಚ್ಚಿದೆ. ತಲೆಗೆ ಪೆಟ್ಟಾದವರು ತೂಕಡಿಸದ ಹಾಗೆ ನೋಡಿಕೊಳ್ಳುವುದು ನಮ್ಮ ಅಭ್ಯಾಸ.

"ಕಾರು ಕಾಣಲಿಲ್ಲೇನು?"

"ಕಂಡಿತ್ರಿ. ತ್ವಾಟದ ದಾರಿಯಿಂದ ಮೂತಿ ಹೊರಗ ಬಂದಿತ್ತು. ಅಜ್ಜಾರು ನಿಂದರತಾರ ಅಂತ ತಿಳದೆ. ಹಾರ್ನ್ ಹೊಡದೆ."

"ಬ್ರೇಕ್ ಹಿಡದಿಯೇನು?"

"ಹಾರ್ನ್ ಹೊಡದೆ ರಿ," ಅಂದಳು ಮತ್ತೆ.

ಅವಳ ತಾಯಿ ಬಂದದ್ದು ಯಾರದೋ ದ್ರಾಕ್ಷಿ ತೋಟದ ಕೆಲಸದಿಂದ ನೇರವಾಗಿ. ಸೀರೆಯ ಮೇಲೆ ಗಂಡಸರ ಹಳೆಯ ಅಂಗಿ, ಕೈಗೆ ಅಂಟಿದ ಔಷಧಿಯ ವಾಸನೆ. ಬಾಗಿಲಲ್ಲಿ ನಿಂತು ಮರಾಠಿಯಲ್ಲಿ ಮಗಳ ಹೆಸರು ಹಿಡಿದು ಎರಡು ಸಲ ಕೂಗಿದಳು. ಮಗಳು ಒಳಗಿಂದ ಓಗೊಟ್ಟ ಮೇಲೆ ಅಲ್ಲೇ ಗೋಡೆಗೆ ಆತು ಕೂತುಬಿಟ್ಟಳು. ಅಪ್ಪ ಬೆಂಚಿನಿಂದ ಎದ್ದು ಹೋಗಿ ಕೈ ಮುಗಿದ.

"ಕಾರಿನ್ಯಾಗ ಇದ್ದಾಂವ ನಾನವ್ವಾ."

ಅವಳು ಅವನ ಬಿಳಿ ಕೂದಲನ್ನು, ಕನ್ನಡಕವನ್ನು ನೋಡಿದಳು. "ಈ ವಯಸ್ಸಿನ್ಯಾಗ ಯಾಕ ಗಾಡಿ ಹೊಡೀತೀರ್ರಿ?" ಅಂದಳು. ಜೋರಾಗಿ ಅಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕು ಅನ್ನುವ ಹಾಗೆ.

ನನಗೆ ಸಿಟ್ಟು ಬಂತು. ನಿಮ್ಮ ಮಗಳಿಗೆ ಲೈಸೆನ್ಸು ಐತೇನು ಅಂತ ಬಾಯಿಯವರೆಗೆ ಬಂದಿತ್ತು. ಕೈಯಲ್ಲಿದ್ದ ಅವಳ ಮಗಳ ಫಿಲ್ಮ್ ನೋಡಿ ಸುಮ್ಮನಾದೆ.

ಡಾಕ್ಟರು ಅಪ್ಪನನ್ನೂ ನೋಡಿದರು. ಬಿಪಿ ಸರಿ ಇತ್ತು. ಹೊಟ್ಟೆ ಒತ್ತಿದರು, ಉಸಿರು ಎಳೆಯಲು ಹೇಳಿದರು. "ನೋವು ಐತೇನ್ರಿ? ಒಂದು ಎಕ್ಸ್‌ರೇ ತಗೀಸೂಣೇನು?" ಅಂದರು.

"ಒಂದೀಟು ಹಿಡದಂಗ ಆಗೈತಿ, ಅಷ್ಟ. ಮಗಳು ಮುಂಜಾನಿಂದ ನಿಂತಾಳ. ಮತ್ಯಾಕ ತ್ರಾಸ," ಅಂದ ಅಪ್ಪ.

ನಾನು ಅಲ್ಲೇ ಇದ್ದೆ. ಎರಡು ವರ್ಷಗಳಿಂದ ಅಪ್ಪನ ಎದೆಬಡಿತ ತಾಳ ತಪ್ಪುತ್ತಿತ್ತು, ಅದಕ್ಕೆಂದು ರಕ್ತ ತೆಳುವಾಗಿಸುವ ಗುಳಿಗೆ ನುಂಗುತ್ತಿದ್ದ. ಆ ಗುಳಿಗೆಯನ್ನು ತಿಂಗಳಿಗೊಮ್ಮೆ ಮಿರಜದಿಂದ ತರುವವಳು ನಾನೇ. ಅದು ನನ್ನ ಬಾಯಿಗೆ ಬರಲಿಲ್ಲ. ಬೇರೆ ಯಾರ ಅಪ್ಪನಾಗಿದ್ದರೂ ಯಾವ ಗುಳಿಗೆ ತಗೋತೀರಿ ಅಂತ ನಾನೇ ಕೇಳುತ್ತಿದ್ದೆನೋ ಏನೋ. ಅಣ್ಣ ಬಂದು ಅವನನ್ನು ಮನೆಗೆ ಕರೆದುಕೊಂಡು ಹೋದ. ಹೋಗುವಾಗ ಅಪ್ಪ ಹುಡುಗಿಯ ಮಂಚದ ಹತ್ತಿರ ಒಂದು ನಿಮಿಷ ನಿಂತಿದ್ದ.

ಸಂಜೆ ನಾಲ್ಕಕ್ಕೆ ಅಣ್ಣನ ಫೋನು. ಅಪ್ಪ ಚಹಾ ಕುಡಿಯುತ್ತ ಕಪ್ಪು ಕೆಳಗಿಟ್ಟು, ಕಣ್ಣಿಗೆ ಕತ್ತಲಿ ಬರಾಕತ್ತೈತಿ ಅಂದನಂತೆ. ಅಣ್ಣ ಕರೆತರುವಷ್ಟರಲ್ಲಿ ಅವನ ಮುಖ ಸುಣ್ಣದ ಹಾಗಾಗಿತ್ತು, ಒಂದು ವಾಕ್ಯಕ್ಕೆ ಎರಡು ಸಲ ಉಸಿರು ಬೇಕಾಗುತ್ತಿತ್ತು. ಅವನ ಅಂಗಿಯ ಗುಂಡಿ ನಾನೇ ಬಿಚ್ಚಿದೆ. ಬಲ ಕಂಕುಳಿನ ಕೆಳಗಿನಿಂದ ಎದೆಯ ಅಡ್ಡಕ್ಕೆ ನಾಲ್ಕು ಬೆರಳಗಲದ ಒಂದು ಪಟ್ಟಿ, ಕಪ್ಪು ದ್ರಾಕ್ಷಿಯ ಬಣ್ಣ.

ನಾನು ಆ ಫಿಲ್ಮನ್ನು ಪರದೆಯ ಮೇಲೆ ನೋಡಿದ್ದು ಇಂದಿಗೂ ಕಣ್ಣಿಗೆ ಕಟ್ಟಿದೆ. ಎದೆಯ ಎಕ್ಸ್‌ರೇಯಲ್ಲಿ ಗಾಳಿ ತುಂಬಿದ ಶ್ವಾಸಕೋಶ ಕಪ್ಪಗೆ ಕಾಣುತ್ತದೆ. ಅಪ್ಪನ ಎಡಭಾಗ ಕಪ್ಪಗೇ ಇತ್ತು. ಬಲಭಾಗದ ಕೆಳಗಿನ ಅರ್ಧ ಬೆಳ್ಳಗೆ ಮಸುಕಾಗಿತ್ತು, ಗಾಳಿ ಇರಬೇಕಾದಲ್ಲಿ ರಕ್ತ. ಅದರ ಮೇಲೆ ಒಂದರ ಕೆಳಗೊಂದು ನಾಲ್ಕು ಪಕ್ಕೆಲುಬು ತುಂಡಾಗಿದ್ದವು.

ಡಾಕ್ಟರು ಒಂದೇ ನೋಟ ನೋಡಿ ಕೇಳಿದರು, "ಗುಳಿಗಿ ಏನೇನು ತಗೋತಾರ ಇವರು?"

ಹೇಳಿದೆ.

ಅವರು ಬೈಯಲಿಲ್ಲ. "ಮುಂಜಾನಿ ಹೇಳಿದ್ರ ಚಲೋ ಇತ್ತು," ಅಂದು ಮಿರಜಕ್ಕೆ ಫೋನ್ ಹಚ್ಚಿದರು.

ಆಂಬುಲೆನ್ಸಿನಲ್ಲಿ ನಾನು ಅವನ ಪಕ್ಕ ಕೂತಿದ್ದೆ. ಮೂಗಿಗೆ ಆಕ್ಸಿಜನ್. ಮಾತಾಡಬ್ಯಾಡ ಅಂದರೂ ಕೇಳಲಿಲ್ಲ.

"ಎಷ್ಟು ಎಲುಬು?"

"ನಾಕು."

"ಆ ತಂಗೀದು?"

"ಎರಡು. ಮಾತಾಡಬ್ಯಾಡಪ್ಪಾ."

ಅವನು ಉಸಿರು ಕೂಡಿಸಿಕೊಂಡ. "ಆಕಿ ಗಾಡೀ ಮ್ಯಾಲಿಂದ ಹಾರಿ ಆಚೀ ಕಡೆ ಬಿದ್ದಾಳ. ನಾ ಕುಂತಲ್ಲೇ ಕುಂತಿದ್ದೆ. ನನ್ನ ಗಾಡಿ ನಡಕೋತ ಹೋಗೋ ಅಷ್ಟೂ ಜೋರ ಇರಲಿಲ್ಲ. ಹಂಗಾದ್ರ ಇದು ಹೆಂಗ?"

ಆ ಸ್ಥಿತಿಯಲ್ಲೂ ಅವನ ಹುಬ್ಬು ಗಂಟಿಕ್ಕಿದ್ದು ನೋವಿಗಲ್ಲ, ಲೆಕ್ಕ ಕೂಡದ್ದಕ್ಕೆ. ನನಗೆ ಅಳು ಬಂತು. ನಾನು ಕಿಟಕಿಯ ಕಡೆ ತಿರುಗಿದೆ.

ಮಿರಜದಲ್ಲಿ ಪಕ್ಕೆಯೊಳಗೆ ನಳಿಕೆ ಹಾಕಿ ರಕ್ತ ತೆಗೆದರು. ಬಾಟಲಿ ತುಂಬುವುದನ್ನು ನೋಡುತ್ತ ನಾನು ಎರಡು ದಿನ ಕೂತೆ. ಮೂರನೆಯ ದಿನ ಅವನು ಹೊತ್ತು ಮುಳುಗುವ ಮೊದಲು ಊಟ ಬೇಕು ಅಂತ ನರ್ಸಿನ ಜೊತೆ ವಾದ ಶುರು ಮಾಡಿದಾಗ, ಬದುಕಿದ ಅಂದುಕೊಂಡೆ. ನಮ್ಮ ಮನೆಯಲ್ಲಿ ಸೂರ್ಯ ಇಳಿದ ಮೇಲೆ ಯಾರೂ ಉಣ್ಣುವುದಿಲ್ಲ, ಆಸ್ಪತ್ರೆಯ ಊಟ ಬರುವುದು ಏಳೂವರೆಗೆ.

ಅಲ್ಲಿನ ಸರ್ಜನ್ ತಾಳ್ಮೆಯ ಮನುಷ್ಯ. ಅಪ್ಪನ ಪ್ರಶ್ನೆಗೆ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಉತ್ತರ ಹೇಳುತ್ತಿದ್ದರು. ಕಾರಿಗೆ ಎದುರಿನಿಂದ ಪೆಟ್ಟು ಬಿದ್ದರೆ ಮೊದಲು ಬಂಪರ್ ಮುದುಡುತ್ತದೆ, ಆಮೇಲೆ ಬಾನೆಟ್ಟು, ಆಮೇಲೆ ಇಂಜಿನ್ನು. ಮನುಷ್ಯನವರೆಗೆ ಬರುವಷ್ಟರಲ್ಲಿ ಪೆಟ್ಟಿನ ಶಕ್ತಿ ಅರ್ಧ ಇಳಿದಿರುತ್ತದೆ. ಮಗ್ಗುಲಿನಿಂದ ಬಂದರೆ ನಡುವೆ ಏನಿದೆ? ಒಂದು ಬಾಗಿಲಿನ ತಗಡು, ಒಂದು ಗಾಜು. ಹುಡುಗಿಯ ಸ್ಕೂಟರ್ ಬಡಿದದ್ದು ಬಲಗಡೆಯ ಬಾಗಿಲಿಗೆ, ಅಪ್ಪ ಕೂತ ಜಾಗಕ್ಕೆ ಸರಿಯಾಗಿ. "ಹುಡುಗಿ ತನ್ನ ಪೆಟ್ಟನ್ನ ಹಾರಿ, ಉರುಳಿ, ಹಂಚಿಕೊಂಡಾಳ. ನೀವು ಎಲ್ಲಾ ಒಂದ ಜಾಗಾಕ್ಕ ತಗೊಂಡೀರಿ," ಅಂದರು. ಆಮೇಲೆ ಎಲುಬಿನ ಮಾತು ಬಂತು. ಹದಿನೇಳರ ಪಕ್ಕೆಲುಬು ಒತ್ತಿದರೆ ಬಾಗುತ್ತದೆ, ಎಪ್ಪತ್ತನಾಲ್ಕರದ್ದು ಬಾಗುವುದನ್ನು ಮರೆತಿರುತ್ತದೆ. ಮುರಿದ ತುದಿ ಒಳಗೆ ಚುಚ್ಚಿದಾಗ ಬೇರೆಯವರಿಗೆ ಜಿನುಗಿ ನಿಲ್ಲುವ ರಕ್ತ, ಗುಳಿಗೆಯಿಂದಾಗಿ ಅಪ್ಪನಿಗೆ ನಿಂತಿರಲಿಲ್ಲ.

"ಆದ್ರ ಬೆಲ್ಟ್ ಹಾಕಿದ್ನಲ್ಲರಿ," ಅಂದ ಅಪ್ಪ.

ಸರ್ಜನ್ ಆ ಕಪ್ಪು ಪಟ್ಟಿಯನ್ನು ಬೆರಳಿನಿಂದ ತೋರಿಸಿದರು. "ಬೆಲ್ಟ್ ಹೆಗಲ ಮ್ಯಾಲಿಂದ ಹೋಗಬೇಕು. ಇದು ಕಂಕುಳಾಗಿಂದ ಹೋಗೈತಿ."

ಅಪ್ಪ ತಲೆ ತಗ್ಗಿಸಿದ. ಬೆಲ್ಟ್ ಕುತ್ತಿಗೆಗೆ ಉಜ್ಜಿ ಉರಿಯುತ್ತದೆ ಅಂತ ಅವನು ವರ್ಷಗಳಿಂದ ಅದನ್ನು ಕೈಯ ಕೆಳಗೆ ತೂರಿಸಿಕೊಳ್ಳುತ್ತಿದ್ದನಂತೆ. ಪಕ್ಕದ ಸೀಟಿನಲ್ಲಿ ನೂರಾರು ಸಲ ಕೂತ ನಾನು ಅದನ್ನು ನೋಡಿರಲೇ ಇಲ್ಲ. ಹಾಗಾದರೆ ಪಕ್ಕೆ ಮುರಿದದ್ದು ಬಾಗಿಲೋ ಬೆಲ್ಟೋ ಅಂತ ನಾನು ಕೇಳಿದೆ. ಎರಡೂ ಒಂದೇ ಕಡೆ ಇರುವುದರಿಂದ ಹೇಳುವುದು ಕಷ್ಟ ಅಂದರು. ನಾನು ಆಮೇಲೆ ಆ ಫಿಲ್ಮನ್ನು ಎಷ್ಟೋ ಸಲ ನೋಡಿದ್ದೇನೆ. ಈಗಲೂ ಗೊತ್ತಾಗಿಲ್ಲ.

ಗುಳಿಗೆಯ ವಿಷಯ ನಾನು ಹೇಳದೇ ಹೋದದ್ದನ್ನು ಅಲ್ಲೇ ಒಂದು ಮಧ್ಯಾಹ್ನ ಅಪ್ಪನ ಮುಂದೆ ಆಡಿದೆ. "ನಾ ಹೇಳಿದ್ರ ಆವಾಗಲೇ ಫಿಲ್ಮ್ ತಗೀತಿದ್ರು. ಇಷ್ಟು ಆಗ್ತಿರಲಿಲ್ಲ."

"ಗುಳಿಗಿ ನುಂಗಾಂವ ನಾನು. ನನ್ನ ಬಾಯಿ ಎಲ್ಲಿ ಹೋಗಿತ್ತು?" ಅಂದ. ಆಮೇಲೆ, "ಆಕಿ ಮಾರಿ ರಕ್ತ ನೋಡಿ ಇಬ್ಬರೂ ಆಕಿ ಕಡೆನ ನೋಡಿದ್ವಿ. ನನ್ನ ರಕ್ತ ಒಳಗಿತ್ತು, ಕಾಣಲಿಲ್ಲ," ಅಂದು ನನ್ನ ಕೈ ಹಿಡಿದುಕೊಂಡ. ಅವನು ಹಾಗೆ ಹಿಡಿದದ್ದು ನಾನು ಸಣ್ಣವಳಿದ್ದಾಗಿನ ನಂತರ ಅದೇ ಮೊದಲು.

ಹತ್ತು ದಿನದ ಮೇಲೆ ಮನೆಗೆ ಬಂದ. ಕಾರನ್ನು ಅಣ್ಣ ಗ್ಯಾರೇಜಿಗೆ ಕಳಿಸಿದ. ಆ ಮಾದರಿಯ ಬಾಗಿಲು ಈಗ ಹೊಸದು ಸಿಗುವುದಿಲ್ಲವಂತೆ. ಎಲ್ಲಿಂದಲೋ ಒಂದು ನೀಲಿ ಬಾಗಿಲು ತಂದು ಕೂಡಿಸಿದರು. ಬಣ್ಣ ಹೊಡೆಸುವುದು ಬೇಡ ಅಂದ ಅಪ್ಪ.

ಮೂರು ವಾರಕ್ಕೆ ಆ ಹುಡುಗಿ ಕೈಯ ಇನ್ನೊಂದು ಎಕ್ಸ್‌ರೇಗೆ ಬಂದಳು. ಪ್ರ್ಯಾಕ್ಟಿಕಲನ್ನು ಬೇರೊಂದು ದಿನ, ಒಂದು ಕೈ ಕೊರಳಿಗೆ ಕಟ್ಟಿಕೊಂಡೇ ಮುಗಿಸಿದ್ದಳು. ಎಲುಬು ಚೆನ್ನಾಗಿ ಕೂಡುತ್ತಿತ್ತು, ಮುರಿದ ಜಾಗದ ಸುತ್ತ ಹೊಸ ಎಲುಬಿನ ಮಸುಕು ಮೋಡ ಕಾಣುತ್ತಿತ್ತು. ಅವಳು ಪರದೆಯ ಹತ್ತಿರ ಬಂದು ಬಗ್ಗಿ ನೋಡಿದಳು.

"ಅಜ್ಜಾರದೂ ಹಿಂಗ ಕೂಡಾಕತ್ತೈತೇನ್ರಿ?"

"ನಿನ್ನದರಷ್ಟು ಲಗೂನ ಇಲ್ಲ."

"ಅವರದು ನೋಡಬಹುದೇನ್ರಿ?"

ಒಬ್ಬರ ಫಿಲ್ಮ್ ಇನ್ನೊಬ್ಬರಿಗೆ ತೋರಿಸುವ ಪದ್ಧತಿ ಇಲ್ಲ. ಅಪ್ಪನಿಗೆ ಫೋನ್ ಮಾಡಿ ಕೇಳಿದೆ. "ತೋರಸು. ಏನರ ತಿಳದ್ರ ನನಗೂ ಹೇಳು ಅನ್ನು," ಅಂದ. ಎರಡನ್ನೂ ಪಕ್ಕಪಕ್ಕ ಇಟ್ಟೆ. ಹುಡುಗಿ ಬಹಳ ಹೊತ್ತು ನೋಡಿದಳು.

"ನಾ ಅರವತ್ತರಾಗ ಇದ್ದೆ ರಿ," ಅಂದಳು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಪೊಲೀಸರ ಮುಂದೆ ನಲವತ್ತು ಅಂದಿದ್ದಳು. "ಜೋರು ಹೊಡದಾಕಿ ನಾನು. ಅವರಿಗ್ಯಾಕ ಹೆಚ್ಚು ಆತು?"

ಅಪ್ಪ ಆಂಬುಲೆನ್ಸಿನಲ್ಲಿ ಕೇಳಿದ ಪ್ರಶ್ನೆಯೇ ಇದು. ಸರ್ಜನ್ ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಹೇಳಿದೆ. ಅವಳು ಅಪ್ಪನನ್ನು ನೋಡಬೇಕು ಅಂದಳು. ತಾಯಿಗೆ ಇಷ್ಟವಿರಲಿಲ್ಲ. ಕೇಸು ಗೀಸು ಅಂತ ಮತ್ತೇನಾದರೂ ಎದ್ದೀತು ಅನ್ನುವ ಅಂಜಿಕೆ. ನಾನೂ ಒತ್ತಾಯ ಮಾಡಲಿಲ್ಲ.

ಕಡೆಗೆ ಮಾರ್ಚ್ ಕೊನೆಗೆ, ಪರೀಕ್ಷೆ ಮುಗಿದ ಮೇಲೆ, ಒಂದು ರವಿವಾರ ತಾಯಿ ಮಗಳು ಇಬ್ಬರೂ ಶೇಡಬಾಳಕ್ಕೆ ಬಂದರು. ಅವತ್ತು ನಾನೂ ತವರಿನಲ್ಲಿದ್ದೆ. ನನ್ನ ಅತ್ತಿಗೆ ಉಪ್ಪಿಟ್ಟು ಕೊಟ್ಟಳು. ಅಪ್ಪನೇ ಮಾತು ಶುರು ಮಾಡಿದ.

"ತಂಗಿ, ನೀ ನನ್ನ ನೋಡಿದ್ದಿ. ನಾ ನಿನ್ನ ನೋಡಲಿಲ್ಲ. ನಾ ಬಲಕ್ಕ ನೋಡೇ ಗಾಡಿ ಮುಂದ ಬಿಟ್ಟಿದ್ದೆ. ರಸ್ತೆ ಖಾಲಿ ಇತ್ತು. ಖಾಲಿ ರಸ್ತ್ಯಾಗಿಂದ ನೀ ಹೆಂಗ ಬಂದಿ, ಅದು ನನಗ ತಿಳೀಬೇಕು. ಬರ್ತೀಯೇನು ಅಲ್ಲಿಗೆ?"

ಹುಡುಗಿ ತಾಯಿಯ ಮುಖ ನೋಡಿದಳು. ತಾಯಿ, "ನಡೀರಿ," ಅಂದಳು.

ಅಣ್ಣ ಕಾರು ಓಡಿಸಿದ. ತೋಟದ ದಾರಿ ಮುಖ್ಯ ರಸ್ತೆಗೆ ಕೂಡುವ ಜಾಗ ಜನವರಿಯಲ್ಲಿದ್ದ ಹಾಗಿರಲಿಲ್ಲ. ಆಗ ಬಲಗಡೆಯ ಮೂಲೆಯಲ್ಲಿ ಎರಡಾಳೆತ್ತರದ ಕಬ್ಬು ನಿಂತಿತ್ತು. ಈಗ ಅದು ಕಡಿದು ಕಾರ್ಖಾನೆಗೆ ಹೋಗಿತ್ತು, ಶೇಡಬಾಳದ ಕಡೆಯ ರಸ್ತೆ ದೂರದವರೆಗೆ ಬಟಾಬಯಲು. ಬಿಸಿಲೂ ಬೇರೆಯಾಗಿತ್ತು. ಜನವರಿಯ ಸೂರ್ಯ ಒಂಬತ್ತೂವರೆಗೆ ಸರಿಯಾಗಿ ಶೇಡಬಾಳದ ಕಡೆಗೆ, ತಗ್ಗಿನಲ್ಲಿ ಇರುತ್ತಿದ್ದ. ಬಲಕ್ಕೆ ನೋಡಿದವನ ಕಣ್ಣಿಗೆ ನೇರ ಹೊಡೆಯುತ್ತಿದ್ದ. ಹುಡುಗಿಯ ಬೆನ್ನಿಗೆ ಬಿಸಿಲು, ಹಾಗಾಗಿ ಅವಳಿಗೆ ಕಾರು ಸ್ವಚ್ಛ ಕಂಡಿತ್ತು. ಇದನ್ನು ಹೇಳಿದವಳು ಆ ಹುಡುಗಿ. ಅಪ್ಪ ತಲೆದೂಗಿದ, ತನ್ನ ತರಗತಿಯಲ್ಲಿ ಸರಿ ಉತ್ತರ ಬಂದಾಗ ತೂಗುತ್ತಿದ್ದ ಹಾಗೆ.

ಅಪ್ಪ ಸುಮ್ಮನೆ ಬಿಡುವವನಲ್ಲ. ಒಣದ್ರಾಕ್ಷಿ ಶೆಡ್ಡಿನ ಹಸಿರು ನೆಟ್ ತರಿಸಿ, ಎರಡು ಬಿದಿರಿಗೆ ಕಟ್ಟಿ, ಕಬ್ಬು ಇದ್ದ ಮೂಲೆಯಲ್ಲಿ ಅಣ್ಣನನ್ನೂ ನನ್ನನ್ನೂ ಹಿಡಿದು ನಿಲ್ಲಿಸಿದ. ತಾನು ಕಾರಿನಲ್ಲಿ ಸ್ಟೇರಿಂಗ್ ಮುಂದೆ ಕೂತ. ಹುಡುಗಿಗೆ ರಸ್ತೆಯ ಅಂಚಿನಲ್ಲಿ ಶೇಡಬಾಳದ ಕಡೆಯಿಂದ ನಡೆದುಕೊಂಡು ಬರಲು ಹೇಳಿದ. ಟ್ರ್ಯಾಕ್ಟರಿನವರು ನಿಂತು, ಏನ್ ನಡಿಸೀರಿ ಅಂತ ಕೇಳಿ ಹೋಗುತ್ತಿದ್ದರು. ಅಣ್ಣನಿಗೆ ಮುಜುಗರ.

"ಕಾಣ್ತಾಳೇನು?" ಅಂತ ನಾನು ಕೂಗಿದೆ.

"ಇಲ್ಲ... ಇಲ್ಲ... ಈಗ ಕಂಡಳು. ಮತ್ತ ಇಲ್ಲ."

ಎಲ್ಲರೂ ಅವನತ್ತ ನೋಡಿದೆವು. ನೆಟ್ಟಿನ ಮರೆಯಿಂದ ಅವಳು ಆಗಲೇ ಈಚೆ ಬಂದಿದ್ದಳು, ಬಯಲಲ್ಲೇ ಇದ್ದಳು. ಆದರೂ ಕಾಣುವುದಿಲ್ಲ ಅನ್ನುತ್ತಿದ್ದ. ನಾನು ನೆಟ್ ಬಿಟ್ಟು ಓಡಿಹೋಗಿ ಅವನ ಕಿಟಕಿಯಲ್ಲಿ ತಲೆ ಹಾಕಿದೆ. ಮುಂದಿನ ಗಾಜಿಗೂ ಬಾಗಿಲಿನ ಗಾಜಿಗೂ ನಡುವೆ ಚಾವಣಿ ಹೊತ್ತ ಕಂಬ ಇರುತ್ತದಲ್ಲ, ಅಂಗೈ ಅಗಲದ್ದು, ಅದರ ಹಿಂದೆ ಅವಳು ಇಡಿಯಾಗಿ ಮುಚ್ಚಿಹೋಗಿದ್ದಳು. ಆಮೇಲೆ ನಾನೇ ಆ ಸೀಟಿನಲ್ಲಿ ಕೂತು ನೋಡಿದೆ. ನನಗೂ ಮುಚ್ಚಿತು, ಆದರೆ ನಾನು ತಲೆಯನ್ನು ಒಂದು ಗೇಣು ಮುಂದೆ ಬಗ್ಗಿಸಿದ ಕೂಡಲೇ ಕಂಡಳು.

"ನೀ ಬಗ್ಗಿ ನೋಡಪ್ಪಾ."

ಅವನು ಮತ್ತೆ ಸೀಟಿಗೆ ಕೂತು ಪ್ರಯತ್ನಿಸಿದ. ಕುತ್ತಿಗೆ ಬಲಕ್ಕೆ ಅರ್ಧ ಹೋಗಿ ನಿಂತಿತು. ಉಳಿದದ್ದನ್ನು ಅವನು ಕಣ್ಣಿನಿಂದ ಮಾಡುತ್ತಿದ್ದ, ಆ ಬಲಗಣ್ಣಿನಲ್ಲಿ ಮೋತಿಬಿಂದುವಿನ ಪೊರೆ ಬಲಿಯುತ್ತಿತ್ತು. ಕುತ್ತಿಗೆ ಇಷ್ಟೇ ತಿರುಗುತ್ತದೆ ಅನ್ನುವುದು ಅವನಿಗೆ ಆ ಹೊತ್ತಿನವರೆಗೆ ಗೊತ್ತಿರಲಿಲ್ಲ. ದಿನಕ್ಕೆ ಒಂದೊಂದು ಕೂದಲೆಳೆಯಷ್ಟು ಕಡಿಮೆಯಾಗಿದ್ದರೆ ಯಾರಿಗೆ ತಿಳಿಯಬೇಕು.

"ರಸ್ತೆ ಖಾಲಿ ಇತ್ತು ಅಂತ ನಾ ಎಲ್ಲಾರಿಗೂ ಹೇಳೀನಿ," ಅಂದ. "ಸುಳ್ಳಲ್ಲ. ನನಗ ಖಾಲಿನ ಕಂಡಿತ್ತು."

ಹುಡುಗಿ ಅಷ್ಟರಲ್ಲಿ ಎಡಬದಿಗೆ ನಡೆದಿದ್ದಳು, ತಾನು ಬಿದ್ದ ಜಾಗ ನೋಡಲು. ಅಲ್ಲಿಯ ಕಬ್ಬು ಜನವರಿಯಲ್ಲೇ ಕಡಿದಾಗಿತ್ತು, ಒಣ ಎಲೆಯ ರವದಿಯನ್ನು ರಸ್ತೆಯ ಅಂಚಿಗೆ ಒಟ್ಟಿದ್ದರು. ಅವಳು ಬಂದು ಬಿದ್ದದ್ದು ಆ ರವದಿಯ ಮೇಲೆ. ಈಗ ಅದನ್ನು ಸುಟ್ಟಿದ್ದರು, ಕರಿ ಬೂದಿಯ ಕಲೆ ಉಳಿದಿತ್ತು. ರವದಿ ಹೋದ ಮೇಲೆ ಅದರ ಪಕ್ಕದಲ್ಲಿದ್ದದ್ದು ಕಾಣುತ್ತಿತ್ತು, ನೆಲದಿಂದ ಮೊಣಕಾಲೆತ್ತರಕ್ಕೆ ಎದ್ದ ಕಿಲೋಮೀಟರ್ ಕಲ್ಲು. ಬೂದಿಯ ಕಲೆಗೂ ಕಲ್ಲಿಗೂ ನಡುವೆ ಎರಡು ಹೆಜ್ಜೆ.

ಅವಳ ತಾಯಿ ಆ ಎರಡು ಹೆಜ್ಜೆಯನ್ನು ನಡೆದು ನೋಡಿದಳು. ಆಮೇಲೆ ಮಗಳ ಹಣೆಯ ಗಾಯದ ಗುರುತನ್ನು ಹೆಬ್ಬೆರಳಿನಿಂದ ಒರೆಸಿದಳು, ಅದು ಒರೆಸಿದರೆ ಹೋಗುವಂಥದ್ದು ಅನ್ನುವ ಹಾಗೆ. ನನ್ನ ಕಡೆ ತಿರುಗಿ, "ಆ ಟೊಪ್ಪಿಗಿ ಪಟ್ಟಿ ಹಾಕಿದ್ರ ಕಲ್ಲು ಇದ್ರೂ ಉಳೀತಿದ್ಲೇನ್ರಿ?" ಅಂದಳು.

"ಉಳೀಬಹುದಿತ್ತು. ಪಟ್ಟಿ ಇಲ್ದ ಕಲ್ಲಿಗೆ ಬಡದಿದ್ರ ನಾ ಎಕ್ಸ್‌ರೇ ತಗಿಯೂ ಕೆಲಸ ಇರತಿರಲಿಲ್ಲ," ಅಂದೆ. ಅಷ್ಟು ಒರಟಾಗಿ ಹೇಳಬೇಕಿರಲಿಲ್ಲ. ಆದರೆ ಅಷ್ಟು ವರ್ಷಗಳಲ್ಲಿ ಪಟ್ಟಿ ಹಾಕದ ಎಷ್ಟೋ ಮಕ್ಕಳನ್ನು ನೋಡಿದ್ದೆ. ಅವರ ಎಲುಬೆಲ್ಲ ಗಟ್ಟಿ ಇರುತ್ತಿತ್ತು, ತಲೆಯೊಂದನ್ನು ಬಿಟ್ಟು. ಇವಳಿಗೆ ಕಡಿಮೆ ಪೆಟ್ಟಾದದ್ದು ವಯಸ್ಸಿನಿಂದ ಅಂತ ನಾನು ತಿಳಿದಿದ್ದೆ. ಅದರಲ್ಲಿ ಎಷ್ಟು ವಯಸ್ಸು, ಎಷ್ಟು ರವದಿ?

ಹುಡುಗಿ ಕಲ್ಲಿನ ಮೇಲೆ ಕೈಯಿಟ್ಟು ನಿಂತಿದ್ದಳು. "ಅಜ್ಜಾ," ಅಂದಳು, "ನನ್ನ ಕೈ ಬ್ರೇಕಿನ ಮ್ಯಾಲ ಇರಲಿಲ್ರಿ. ಹಾರ್ನ್ ಹೊಡದ್ರ ಎಲ್ಲಾರೂ ಸರೀತಾರ. ದಿನಾ ಸರೀತಿದ್ರು. ನೀವು ಸರೀಲಿಲ್ಲ ಅನ್ನೂದರಾಗ ಬಾಗಿಲಿಗೆ ಬಡದಿದ್ದೆ."

"ನನಗ ಹಾರ್ನ್ ಕೇಳಿಸಲೇ ಇಲ್ಲವ್ವಾ," ಅಂದ ಅಪ್ಪ.

ಹಾಗೆ ಇಬ್ಬರೂ ತಮ್ಮ ತಮ್ಮದನ್ನು ಹೇಳಿಕೊಂಡರು. ಕ್ಷಮಿಸು ಅನ್ನುವ ಮಾತು ಯಾರ ಬಾಯಿಂದಲೂ ಬರಲಿಲ್ಲ. ತಾಯಿ ಹೊರಡುವ ಮುಂಚೆ ಅಪ್ಪನಿಗೆ, "ಪಕ್ಕಿ ಎಲುಬು ಇನ್ನೂ ನೋಯ್ತೈತೇನ್ರಿ?" ಅಂತ ಕೇಳಿದಳು. ನಕ್ಕರೆ ನೋಯುತ್ತದೆ ಅಂದ. ಅವಳು ತಾನೇ ನಕ್ಕಳು. ಎರಡೂ ಮನೆಯವರು ಆಮೇಲೆ ಠಾಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಬರೆಸಿದರು. ಲೈಸೆನ್ಸಿಲ್ಲದ್ದಕ್ಕೆ ಹುಡುಗಿಯ ಮನೆಯವರು ಕಟ್ಟಬೇಕಾದ ದಂಡ ಕಟ್ಟಿದರು.

ಹದಿನೆಂಟು ತುಂಬಿದ ಮೇಲೆ ಅವಳು ಚಿಕ್ಕೋಡಿಗೆ ಹೋಗಿ ಲೈಸೆನ್ಸಿನ ಪರೀಕ್ಷೆ ಕೊಟ್ಟಳು. ಮೊದಲ ಸಲ ಕಾಲು ನೆಲಕ್ಕೆ ಊರಿ ಫೇಲಾದಳು, ಎರಡನೆಯ ಸಲ ಪಾಸು. ಎರಡೂ ಸಲ ಅಪ್ಪನಿಗೆ ಫೋನ್ ಮಾಡಿ ಹೇಳಿದಳಂತೆ.

ಅಪ್ಪ ಬೇಸಿಗೆಯಲ್ಲಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡ. ಕಿವಿಯನ್ನೂ ತೋರಿಸಿದ. ಅವನ ಲೈಸೆನ್ಸಿನ ಅವಧಿಯೂ ಮುಗಿಯಲು ಬಂದಿತ್ತು, ಅದಕ್ಕೆ ಡಾಕ್ಟರರ ಸರ್ಟಿಫಿಕೇಟ್ ಬೇಕು. ನಮ್ಮ ದವಾಖಾನೆಗೇ ಬಂದ. ಕಣ್ಣು ನೋಡಿ ಸಹಿ ಮಾಡಲು ಹೊರಟ ಡ್ಯೂಟಿ ಡಾಕ್ಟರನ್ನು ತಡೆದು, "ಕುತ್ತಿಗಿ ಹಿಡದು ತಿರಿವಿ ನೋಡ್ರಿ. ಆಮ್ಯಾಲ ಬರೀರಿ," ಅಂದ. ಅವರು ನಕ್ಕು, ನೋಡಿ, ನಗು ನಿಲ್ಲಿಸಿ, ದಿನಾ ಮಾಡುವ ವ್ಯಾಯಾಮ ಹೇಳಿಕೊಟ್ಟರು. ಮೂರು ತಿಂಗಳು ಬಿಟ್ಟು ಬರಲು ಹೇಳಿದರು. ಬಂದ. ಸ್ವಲ್ಪ ಸುಧಾರಿಸಿತ್ತು. ಬರೆದುಕೊಟ್ಟರು.

ಅಣ್ಣನಿಗೆ ಅವನು ಇನ್ನು ಓಡಿಸುವುದೇ ಬೇಡ. ಅತ್ತಿಗೆಗೂ ಹಾಗೇ ಅನ್ನಿಸುತ್ತದೆ. ನನ್ನನ್ನು ಕೇಳಿದರೆ ನಾನು ಒಂದು ದಿನ ಹೌದು ಅನ್ನುತ್ತೇನೆ, ಒಂದು ದಿನ ಇಲ್ಲ. ಅಪ್ಪ ತನ್ನದೇ ಒಂದು ಕ್ರಮ ಮಾಡಿಕೊಂಡಿದ್ದಾನೆ. ಬೆಲ್ಟಿಗೆ ಕುತ್ತಿಗೆ ತಾಗುವ ಕಡೆ ಮೆತ್ತನೆಯ ಅರಿವೆ ಹೊಲಿಸಿ ಹೆಗಲ ಮೇಲಿಂದಲೇ ಹಾಕುತ್ತಾನೆ. ಬಿಸಿಲು ಕಣ್ಣಿಗೆ ಹೊಡೆಯುವ ಹೊತ್ತು ಕಳೆಯುವವರೆಗೆ ತೋಟ ಬಿಡುವುದಿಲ್ಲ, ಊಟ ಡಬ್ಬಿಯಲ್ಲಿ ಒಯ್ಯುತ್ತಾನೆ. ಮನೆ ಇರುವುದು ಬಲಕ್ಕೆ, ಆದರೂ ಅವನು ಆ ದಾರಿಯಿಂದ ಬಲಕ್ಕೆ ಹೊರಳುವುದಿಲ್ಲ. ಎಡಕ್ಕೆ ಹೊರಟು, ಕಾಗವಾಡದ ಕಡೆಗೆ ಹೋಗಿ, ರಸ್ತೆ ಅಗಲವಾಗಿ ಎರಡೂ ಕಡೆ ದೂರದವರೆಗೆ ಕಾಣುವಲ್ಲಿ ನಿಂತು, ತಿರುಗಿಸಿಕೊಂಡು ವಾಪಸು ಬರುತ್ತಾನೆ.

ಕಳೆದ ವಾರ ನಾನು ಅವನ ಜೊತೆ ಇದ್ದೆ. ಆ ಅಗಲದ ಜಾಗದಲ್ಲಿ ಕಾರು ನಿಲ್ಲಿಸಿ ಅವನು ಕಾಯತೊಡಗಿದ. ಒಂದು ಟ್ರ್ಯಾಕ್ಟರ್ ಹೋಯಿತು. ಮೂವರನ್ನು ಹೇರಿದ ಒಂದು ಬೈಕ್ ಹೋಯಿತು, ಓಡಿಸುವವನಿಗೆ ಮೀಸೆ ಇನ್ನೂ ಮೂಡಿರಲಿಲ್ಲ. ಅಪ್ಪ ಸೊಂಟದಿಂದ ಮೇಲೆ ಇಡೀ ಮೈಯನ್ನು ಮುಂದಕ್ಕೆ ತಂದು, ಕಂಬದ ಈಚೆಗೊಮ್ಮೆ ಆಚೆಗೊಮ್ಮೆ ನೋಡಿದ. ರಸ್ತೆಯಲ್ಲಿ ಏನೂ ಇರಲಿಲ್ಲ.

"ನಿನಗೇನರ ಕಾಣ್ತೈತೇನು?" ಅಂತ ಕೇಳಿದ.

"ಇಲ್ಲ," ಅಂದೆ.

"ಇನ್ನೊಮ್ಮೆ ನೋಡು."

ನಾನು ಇನ್ನೊಮ್ಮೆ ನೋಡಿದೆ. ಅವನೂ ನೋಡಿದ. ಆಮೇಲೆ ಗೇರು ಹಾಕಿದ.